ಕ್ಯಾಸೆಟ್ಟಿನಿಂದ ಅಳಿಸಿದ ಹೆಸರು

೪-೨-೨೦೦೨, ಕುಮಟಾ
ಶಾಲೆ ಬಿಟ್ಟು ಸೀದಾ ಕೇಂದ್ರಕ್ಕೆ. ಕಣ್ಣು ಕಾಣದವರಿಗಾಗಿ ಓದುತ್ತಿರುವ ಕಾದಂಬರಿಯ ಆರನೇ ಕ್ಯಾಸೆಟ್ ಮುಗಿಯಿತು. ಫ್ಯಾನ್ ಆಫ್, ಕಿಟಕಿ ಬಂದ್... ಬೆವರೋ ಬೆವರು. ಎಂದಿನಂತೆ ಶುರುವಿಗೆ 'ಓದಿದವರು ಭಾಗ್ಯಲಕ್ಷ್ಮಿ' ಎಂದೆ. ಹನ್ನೊಂದು ವರ್ಷ ಓದಿದ್ದಕ್ಕೆ ನನ್ನದು ಅಂತ ಇರುವುದು ಆ ಎರಡು ಶಬ್ದ ಮಾತ್ರ.

ಹೀಗೆ ಓದುವವರಿಗೆ ಹುಬ್ಬಳ್ಳಿಯ ಅಂಧರ ಸಂಸ್ಥೆಯವರು ಈ ವರ್ಷದಿಂದ ಪ್ರಶಸ್ತಿ ಕೊಡುತ್ತಾರಂತೆ. ಒಂದು ಕೇಂದ್ರದಿಂದ ಒಬ್ಬರೇ. ಯಾರನ್ನು ಕಳಿಸುತ್ತೀ ಅಂತ ಮೋಹನನನ್ನು ಕೇಳಿದೆ. ಕೇಂದ್ರ ನಡೆಸುವವನು ಅವನೇ, ಹುಟ್ಟುಕುರುಡ. 'ನೋಡ್ವ ಅಕ್ಕೋರೆ' ಎಂದ. ಎಂತ ನೋಡುವುದು?

೯-೨
ಅದೇ ಕಾದಂಬರಿಯ ಎರಡನೇ ಕ್ಯಾಸೆಟ್ ಹಾಕಿ ಕೇಳಿದೆ. ಕಥೆ ಹಾಗೇ ಇದೆ. ನನ್ನ ಹೆಸರಿಲ್ಲ! ಆ ಜಾಗದಲ್ಲಿ ಬರೀ ಸೊರ್ ಅಂತ ಸದ್ದು. ಡಬ್ಬಿಯ ಮೇಲೆ ಹೊಸ ಚೀಟಿ — ನಂ. ೧೭. ಅಂಕಿತಾಳ ಅಕ್ಷರ. ಮೋಹನನ ಚಿಕ್ಕಪ್ಪನ ಮಗಳು, ಮೂರು ತಿಂಗಳಿಂದ ಓದಲು ಬರುತ್ತಾಳೆ, ಅರ್ಧ ಶಬ್ದ ನುಂಗುತ್ತಾಳೆ. ನನ್ನ ದನಿ, ಅವಳ ಹೆಸರು... ಹೀಗೋ ವಿಷಯ!

೧೨-೨
ನಂ. ೧೭ ಹುಬ್ಬಳ್ಳಿಗೆ ಹೋಯಿತಂತೆ. ಯಾರ ಹೆಸರಲ್ಲಿ ಎಂದೆ. 'ಅದೊಂದು ಕೇಳ್ಬೇಡಿ' ಅಂತ ಮೋಹನ ನಕ್ಕ.

ಹುಬ್ಬಳ್ಳಿಗೆ ಪತ್ರ ಬರೆದೆ. 'ನಂ. ೧೭ರಲ್ಲಿರುವ ದನಿ ನನ್ನದು. ಕೇಂದ್ರದವರು ಮೋಸಗಾರರು.' ಸಹಿ ಹಾಕಿ ರಜಿಸ್ಟರ್ ಮಾಡಿದೆ. ಸುಮ್ಮನೆ ಬಿಟ್ಟುಕೊಡುವ ಪೈಕಿ ನಾನಲ್ಲ.

೧೫-೨
ಗಂಟಲು ನೋವು ಅಂತ ಕೇಂದ್ರಕ್ಕೆ ಹೇಳಿಕಳಿಸಿದೆ. ಸುಳ್ಳು.

೬-೩, ಸಂಜೆ ಐದೂವರೆ
ಮೋಹನ ಒಬ್ಬನೇ ರಿಕ್ಷಾದಲ್ಲಿ ಬಂದಿದ್ದಾನೆ. ಕೈಯಲ್ಲಿ ಹುಬ್ಬಳ್ಳಿಯ ಲಕೋಟೆ. ಒಡೆದಿಲ್ಲ.

'ಇನ್ ಹೇಳೂಕೆ ಅಡ್ಡಿಲ್ಲ ಅಕ್ಕೋರೆ. ಕಳ್ಸಿದ್ದು ನಿಮ್ಮನ್ನೇ. ಕಾಸರಕೋಡ, ಮಾವಳ್ಳಿ, ಕತಗಾಲ — ಈ ಊರ್ಗಳಲ್ಲಿ ಕೇಳೋರೆಲ್ಲ ಸೇರಿ ಆರಿಸ್ದದ್ದು. ವಶೀಲಿ ಆಗ್ಬಾರ್ದು ಅಂತ ಕ್ಯಾಸೆಟ್ಟಲ್ಲಿ ಹೆಸ್ರು ಇರೂಕಿಲ್ಲ, ನಂಬರ್ ಮಾತ್ರ, ಚೀಟಿ ಅಂಕಿತಾ ಬರ್ದದ್ದು. ಓದಿದವ್ರಿಗೂ ಹೇಳೂಕಿಲ್ಲ. ಹೆಸ್ರು ಅಳಿಸುವಾಗ ನನ್ಗೇ ಬೇಜಾರಾತು.'

ಲಕೋಟೆ ನನ್ನ ಕೈಗಿಟ್ಟ. 'ಎಂತ ಬರ್ದಿದಾರೆ, ನೀವೇ ಓದಿ. ಬೇರೆಯವ್ರ ಹತ್ರ ಓದ್ಸೂಕೆ ಮನಸ್ಸು ಬರ್ಲಿಲ್ಲ.'

ಒಡೆದೆ. ನಾಲ್ಕೇ ಸಾಲು. 'ನಂ. ೧೭ರ ದನಿ ಯಾರದೆಂದು ಓದಿದವರೇ ತಿಳಿಸಿರುವುದರಿಂದ ನಿಯಮದಂತೆ ಅದನ್ನು ಪ್ರಶಸ್ತಿಯ ಆಯ್ಕೆಯಿಂದ ಕೈಬಿಡಲಾಗಿದೆ. ಅವರ ಪತ್ರದ ಪ್ರತಿ ಲಗತ್ತಿಸಿದೆ.' ಹಿಂದೆ ನನ್ನದೇ ಅಕ್ಷರ. ಮೋಸಗಾರರು ಎಂಬಲ್ಲಿ ಯಾರೋ ಗೆರೆ ಎಳೆದಿದ್ದಾರೆ.

ಕನ್ನಡಕ ತರುತ್ತೇನೆಂದು ಒಳಗೆ ಬಂದಿದ್ದೇನೆ. ಮೂಗಿನ ಮೇಲೇ ಇದೆ. ನಾಚಿಕೆಯಿಂದ ಸಾಯುವಂತಾಗಿದೆ. ಬೇರೆ ಏನಾದರೂ ಓದಿಬಿಡಲೇ... ಆಗದು. ನನ್ನ ದನಿ ಚೂರು ತಪ್ಪಿದರೂ ಅವನಿಗೆ ಗೊತ್ತಾಗುತ್ತದೆ.

ಜಗಲಿಯಿಂದ ಕೂಗುತ್ತಿದ್ದಾನೆ — 'ಸಿಕ್ತಾ ಅಕ್ಕೋರೆ?'

ಬಂದೆ ಎಂದೆ. ಹೋಗಿ ಎರಡನ್ನೂ ಇದ್ದ ಹಾಗೇ ಓದುತ್ತೇನೆ, ನನ್ನ ಪತ್ರದ ಶುರುವಿಗೆ 'ಬರೆದವರು ಭಾಗ್ಯಲಕ್ಷ್ಮಿ' ಎಂದು ಹೇಳಿ.