ಹೃದಯದ ಗೋಡೆ

ಮಾರ್ಚ್ 3

ಮತ್ತೆ ಅದೇ. ಲ್ಯಾಬಿನಲ್ಲಿ ನಾನು ಹಿಡಿದು ಕೊಯ್ದ ಇಲಿಗಳ ಹೃದಯದ ಗೋಡೆ ದಪ್ಪ. ಜೊತೆಗಾತಿ ಹಿಡಿದವುಗಳದ್ದು ಸರಿಯಾಗಿದೆ. ಒಂದೇ ಔಷಧಿ, ಒಂದೇ ಮೇವು, ಒಂದೇ ಅರಿವಳಿಕೆ. ಗೈಡ್ ನಕ್ಕರು — ಕುಣಿಯಲಾರದವಳಿಗೆ ನೆಲ ಡೊಂಕು. ಸ್ನಾಯು ಸಡಿಲವಾಗುವ ಮೊದಲೇ ಫಾರ್ಮಲಿನ್‌ಗೆ ಹಾಕಿದರೆ ಮುದುಡಿ ದಪ್ಪ ಕಾಣುತ್ತದಂತೆ. ಇರಬಹುದು.

ಮಾರ್ಚ್ 6

ಪೊಟ್ಯಾಸಿಯಂ ದ್ರಾವಣ ಹೊಸದಾಗಿ ಮಾಡಿದೆ. ಅದರಲ್ಲಿ ಹೃದಯ ಸಡಿಲಗೊಂಡೇ ನಿಲ್ಲಬೇಕು. ನಿಂತಿತು — ಮುಷ್ಟಿ ಬಿಗಿದ ಹಾಗೆ.

ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. "ನಿನ್ನ ಮುಖ ನೋಡಿ ಹೆದರ್ತಾವೆ ಕಣೇ," ಅಂದಳು. ನಕ್ಕೆವು. ಅಷ್ಟಕ್ಕೇ ಅವಳಿಗೆ ಏದುಸಿರು. ಅವಳದ್ದೂ ಇದೇ ಕಾಯಿಲೆ, ಗೋಡೆ ದಪ್ಪವಾಗುವುದು. ಅದನ್ನು ತೆಳುಮಾಡುವ ಔಷಧಿ ನಮ್ಮದು. ನನ್ನ ಅಂಕಿಗಳು ಅದಕ್ಕೇ ಕಲ್ಲು ಹಾಕುತ್ತಿವೆ.

ಮಾರ್ಚ್ 14

ಹೆದರಿದ ಪ್ರಾಣಿಯ ಹೃದಯ ಬಿಗಿಯುತ್ತದೆ, ಒಪ್ಪೋಣ. ಈ ಸಲ ನಾನು ಮುಟ್ಟಲೇ ಇಲ್ಲ. ಎಲ್ಲ ಜೊತೆಗಾತಿಯೇ ಮಾಡಿದಳು. ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದೆ, ಅವಳಿಗೂ ಹೇಳದೆ.

ದಪ್ಪ.

ಮಾರ್ಚ್ 20

ಜೊತೆಗಾತಿ ಅಳೆದಿಟ್ಟ ಸ್ಲೈಡನ್ನೇ ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಸತ್ತ ಸ್ನಾಯು. ಮೇಣದಲ್ಲಿಟ್ಟು ಕತ್ತರಿಸಿದ್ದು. ಮೊದಲು ಸರಿಯಾಗಿಯೇ ಇತ್ತು. ಕಣ್ಣು ತೆಗೆಯದೆ ನೋಡಿದೆ. ಎಳೆಗಳು ಮೆಲ್ಲಗೆ ಒಂದರ ಹತ್ತಿರ ಒಂದು ಸರಿದವು…

ಜೊತೆಗಾತಿ ಹಿಂದೆಯೇ ನಿಂತಿದ್ದಳು. "ತಪ್ಪು ತಿಳ್ಕೋಬೇಡಿ," ಅಂದಳು. "ನೀವು ಒಳಗೆ ಬಂದ್ರೆ ನನಗೂ ಎದೆ ಹಿಡ್ಕೊಂಡ ಹಾಗಾಗುತ್ತೆ."

ಏಪ್ರಿಲ್ 9

ರಜೆಯಲ್ಲಿದ್ದೇನೆ. ದಿನವಿಡೀ ಅಕ್ಕನ ಜೊತೆ.

ಇವತ್ತು ಅವಳ ಸ್ಕ್ಯಾನ್. ಕೈ ಹಿಡಿದು ಪಕ್ಕದಲ್ಲೇ ಕೂತೆ. ಡಾಕ್ಟರು ಮತ್ತೆ ಮತ್ತೆ ಅಳೆದರು. ಹೋದ ಸಲಕ್ಕಿಂತ ಎಷ್ಟೋ ದಪ್ಪ. ನೀರು ಕುಡಿದು ಬರುತ್ತೇನೆ ಅಂತ ಎದ್ದೆ. ರಸ್ತೆ ದಾಟಿ, ಮೂಲೆ ತಿರುಗಿ, ಸುಮ್ಮನೆ ನಿಂತೆ. ವಾಪಸ್ ಬರುವಷ್ಟರಲ್ಲಿ ಡಾಕ್ಟರ ಮುಖ ಅರಳಿತ್ತು. ಮೆಷಿನ್ನಿನ ತೊಂದರೆ ಇರಬೇಕು, ಈಗ ಸರಿಹೋಯಿತು ಅಂದರು.

ಅಕ್ಕ ಕೈ ಚಾಚಿದಳು. ಹಿಡಿಯಲಿಲ್ಲ.

ಏಪ್ರಿಲ್ 15

ಬೇರೆ ಊರು, ಬಾಡಿಗೆ ರೂಮು. ಹೊಸ ಕೆಲಸ ಅಂತ ಸುಳ್ಳು ಹೇಳಿದ್ದೇನೆ. ಫೋನಿನಲ್ಲಿ ಅಕ್ಕನ ಉಸಿರು ಹಗುರ. ನಿಲ್ಲದೆ ಮಹಡಿ ಹತ್ತಿದಳಂತೆ. ತುಂಬಾ ಹೊತ್ತು ಅತ್ತೆ, ಖುಷಿಗೆ.

ಏಪ್ರಿಲ್ 22, ಸಂಜೆ

ಅಕ್ಕ ಬಾಗಿಲು ಬಡಿಯುತ್ತಾ ಕೂಗುತ್ತಿದ್ದಾಳೆ. ಆರಾಮಾಗಿದ್ದೇನೆ ಅಂತ ತೋರಿಸಲು ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದಾಳಂತೆ. ಇಲ್ಲಿಲ್ಲ ಎನ್ನುವ ಹಾಗೆ ಕೂತಿದ್ದೇನೆ. ಬರೆಯುವುದನ್ನು ನಿಲ್ಲಿಸಿದರೆ ಎದ್ದು ತೆಗೆದುಬಿಡುತ್ತೇನೆ. ಹೋಗಕ್ಕಾ… ಬೇಗ ಹೋಗು.

ಬಡಿತ ನಿಂತಿತು. ಬಾಗಿಲಿಗೆ ಒರಗಿ ಕೂತ ಸದ್ದು.

"ತೆಗಿಯೇ… ಯಾಕೋ ಎದೆ —"