ಮೂರನೆಯ ಅಂಗ

ಮಾರ್ಚ್ ೧೨, ಸೋಮವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಮಂಡಿನೋವು ಹೇಗಿದೆ? ಅರವತ್ತು ದಾಟಿದ ಮೇಲೂ ನಿನ್ನನ್ನು ಕಡ್ಡಿ ಅನ್ನುವವನು ನಾನೊಬ್ಬನೇ ಉಳಿದಿರಬೇಕು.

ಯೋಗದ ತರಗತಿ ಮುಚ್ಚಿಬಿಟ್ಟೆ. ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದೇನೆ. ವಯಸ್ಸಾಯಿತು ಅಂತ ಬರೆದು ಬಾಗಿಲಿಗೆ ಅಂಟಿಸಿದೆ. ಅದೂ ಸುಳ್ಳೇ.

ಗುರುಗಳು ಆರು ತಿಂಗಳು ಒಂದು ಆಸನವನ್ನೂ ಹೇಳಿಕೊಡದೆ ನಮ್ಮಿಂದ ಕೋಣೆ ಗುಡಿಸಿಸಿದ್ದು ನೆನಪಿದೆಯಾ? ಆಸನ ಯಾವಾಗ ಅಂತ ನೀನು ತಡೆಯಲಾರದೆ ಕೇಳಿಯೇಬಿಟ್ಟೆ. "ಯೋಗ ಶುರುಮಾಡಿದವರು ಮೈ ಬಗ್ಗಿಸೋಕೆ ಕೂತವರಲ್ಲಯ್ಯ, ಮನಸ್ಸಿನ ಓಡಾಟ ನಿಲ್ಲಿಸೋಕೆ ಕೂತವರು. ಎಂಟು ಅಂಗದಲ್ಲಿ ಆಸನ ಮೂರನೇದು. ಮೊದಲು ಯಾರನ್ನೂ ನೋಯಿಸದೆ ಇರೋದು ಕಲಿ, ಆಮೇಲೆ ಸುಳ್ಳು ಹೇಳದೆ ಇರೋದು. ಕಾಲು ಎತ್ತೋದು ಯಾವಾಗಲಾದರೂ ಆಗುತ್ತೆ" ಅಂದರು. ನಾವು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದೇ ಮಾತನ್ನು ನಾನು ಮೂವತ್ತು ವರ್ಷ ಹೊಸಬರಿಗೆಲ್ಲ ಬಾಯಿಪಾಠ ಒಪ್ಪಿಸಿದೆ.

ಕತ್ತುನೋವು ಅಂತ ಒಬ್ಬ ಟೈಲರಮ್ಮ ಬರುತ್ತಿದ್ದಳು. ದಿನವಿಡೀ ಮೆಷಿನ್ ಮೇಲೆ ಬಗ್ಗಿ ಹೊಲಿಯುವವಳು. ಅಂಗಾತ ಮಲಗಿ ಕಾಲನ್ನು ತಲೆಯ ಹಿಂದಕ್ಕೆ ತರುವ ಹಲಾಸನದಲ್ಲಿ ಅವಳ ಕಾಲು ನೆಲದಿಂದ ಒಂದು ಗೇಣು ಮೇಲೇ ನಿಲ್ಲುತ್ತಿತ್ತು. ಹೋದ ತಿಂಗಳು ಅದನ್ನು ಮಾಡುವಾಗಲೇ ಕತ್ತಿಗೆ ಪೆಟ್ಟಾಯಿತು. ಆಸ್ಪತ್ರೆಗೆ ಓಡಿಬಂದ ಅವಳ ಗಂಡನಿಗೆ, "ಅವಸರ ಮಾಡಿದರು" ಅಂದೆ.

ನಿನ್ನೆ ಅವಳನ್ನು ನೋಡಲು ಮನೆಗೆ ಹೋಗಿದ್ದೆ. ಮೆಷಿನ್ ಮೇಲೆ ಹಳೇ ಸೀರೆ ಹೊದಿಸಿದ್ದಾರೆ. ಬಲಗೈ ಬೆರಳುಗಳಿಗೆ ಸ್ಪರ್ಶವೇ ಇಲ್ಲ, ಸೂಜಿ ಜಾರಿ ಬಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ. ಡಾಕ್ಟರು ಇನ್ನು ಇಷ್ಟೇ ಅಂದರಂತೆ. "ಉಸಿರಾಟ ಆದ್ರೂ ಹೇಳಿಕೊಡಿ ಮೇಷ್ಟ್ರೇ, ನಿದ್ದೆನೇ ಬರ್ತಿಲ್ಲ" ಅಂದಳು. ಹೇಳಿಕೊಟ್ಟೆ. ಅವಳ ಉಸಿರು ನಿಧಾನವಾಯಿತು. ನನ್ನದು ಆಗಲಿಲ್ಲ. ಈಗ ಕಣ್ಣು ಮುಚ್ಚಿ ಕೂರುವುದಕ್ಕೇ ಹೆದರಿಕೆ ಕಣೋ.

ಮೊಮ್ಮಗಳನ್ನು ರಜೆಗೆ ಇಲ್ಲಿ ಕಲಿಯಲು ಕಳಿಸುತ್ತೇನೆ ಅಂತ ನೀನು ಬರೆದಿದ್ದೆ. ಕಳಿಸಬೇಡ. ನೀನೇ ಹೇಳಿಕೊಡು. ಮಗು ಚೆನ್ನಾಗಿರಲಿ, ನೂರು ಕಾಲ ಬಾಳಲಿ.

ನಿನ್ನ
ಡುಮ್ಮ

ಇನ್ನೊಂದು ಮಾತು: ಆ ಟೈಲರಮ್ಮ ಅವಸರ ಮಾಡಿರಲಿಲ್ಲ. ಮರುದಿನ ತರಗತಿಯ ಫೋಟೋ ತೆಗೆಸುವುದಿತ್ತು, ಎಲ್ಲರ ಕಾಲೂ ನೆಲ ಮುಟ್ಟಲಿ ಅಂತ ಅವಳ ಕಾಲನ್ನು ನಾನೇ ಒತ್ತಿದೆ. "ಸಾಕು ಮೇಷ್ಟ್ರೇ" ಅಂದಳು, ಎರಡು ಸಲ. ನನಗೆ ಚೆನ್ನಾಗಿ ಕೇಳಿಸಿತ್ತು. ಆಮೇಲೆ ಆಸ್ಪತ್ರೆಯಲ್ಲಿ ನಾನು ಸುಳ್ಳು ಹೇಳಿದಾಗ ಅವಳು ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು. ಗಂಡನಿಗೆ, "ಹೌದು, ನಂದೇ ತಪ್ಪು" ಅಂದಳು.