ತೇವ ಬಲ್ಲ ಕೈ

ಮಾರ್ಚ್ 5, ಬೆಳಿಗ್ಗೆ 6.30

ಮೊಟ್ಟೆ ತಿರುಗಿಸಿ ಆಯಿತು. ಶಾಖ ಮೂವತ್ತೇಳೂವರೆ. ಎಡದ ತೂತಿಗೆ ಮೂರು ಚಮಚ ನೀರು. ಇಂದಿಗೆ ಮೂರನೆಯ ದಿನ.

ಈ ಕಾವು ಪೆಟ್ಟಿಗೆ ಕೊಟ್ಟ ಶಾಲೆಯ ಮೇಷ್ಟ್ರು ಹೇಳಿದ್ದನ್ನು ಬರೆದಿಡುತ್ತೇನೆ, ನನ್ನ ತಲೆ ನನಗೆ ಗೊತ್ತಲ್ಲ. ಜಾಲರಿಯ ಮೇಲೆ ಮೊಟ್ಟೆ. ಕೆಳಗೆ ಎರಡು ಕಾಲುವೆ, ಎಡಕ್ಕೊಂದು ಬಲಕ್ಕೊಂದು. ನೀರು ಹೊಯ್ಯಲು ಪೆಟ್ಟಿಗೆಯ ಪಕ್ಕದಲ್ಲಿ ಎರಡು ತೂತು. ಹದಿನೆಂಟು ದಿನ ಎಡಕ್ಕೆ ಮಾತ್ರ ನೀರು. ತೇವದ ಮೀಟರು ಐವತ್ತು ದಾಟಬಾರದು. ಕೊನೆಯ ಮೂರು ದಿನ ಎರಡಕ್ಕೂ ನೀರು, ಎಪ್ಪತ್ತರವರೆಗೆ ಹೋಗಬೇಕು. ಆಗ ಮುಚ್ಚಳ ಮುಟ್ಟಲೇಬಾರದು. ಶಾಲೆಯ ಪೆಟ್ಟಿಗೆ ಇದು, ಥರ್ಮೋಕೋಲಿನದು. ಎರಡು ವರ್ಷ ಲ್ಯಾಬಿನ ಬೀರು ಮೇಲೆ ಬಿದ್ದಿತ್ತಂತೆ.

ಹನ್ನೊಂದು ಮೊಟ್ಟೆ. ಒಂಬತ್ತು ನಾಯಿ ನುಗ್ಗಿದ ವಾರದವು, ಎರಡು ಅದೇ ದಿನ ಸಂಜೆಯವು... ಅಂಗೈಯಲ್ಲಿ ಇನ್ನೂ ಬೆಚ್ಚಗಿದ್ದವು. ಅಕ್ಕನ ಕೋಳಿಗಳದ್ದು ಅಂತ ಉಳಿದದ್ದು ಇಷ್ಟೇ.

ಮಾರ್ಚ್ 6

ಇವತ್ತು ಇಸ್ತ್ರಿಗೆ ಬಂದದ್ದು ಬರೀ ಪರದೆ. ಹೋಟೆಲಿನವರದ್ದು, ನಲವತ್ತು. ಕೈ ಕೆಲಸ ಮಾಡುತ್ತದೆ, ತಲೆ ಫೆಬ್ರವರಿ ಇಪ್ಪತ್ತಾರರಲ್ಲೇ ಸುತ್ತುತ್ತದೆ.

ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ಅವತ್ತಿಗೆ ನಾಲ್ಕು ದಿನ. ಗೂಡಿನ ಚಿಲಕ ಹಾಕಿರಲಿಲ್ಲ. ನಾಯಿ ನುಗ್ಗಿತು. ಹದಿನಾಲ್ಕು ಕೋಳಿ, ಒಂದು ಹುಂಜ. ಬೆಳಿಗ್ಗೆ ನೋಡಿದರೆ ಹಿತ್ತಲ ತುಂಬ ಪುಕ್ಕ.

"ಚಿಲಕ ನೀನ್ ಹಾಕ್ಬೇಕಿತ್ತು" ಎಂದರು ಭಾವ. "ದಿನಾ ಹಾಕೋರು ನೀವು" ಎಂದೆ. ದನಿ ಏರಿತು. ಅಲ್ಲಿಗೆ ಮಾತು ನಿಂತಿತು. ಒಂದೇ ಮನೆ, ಒಂದೇ ಅಡಿಗೆ, ಮಾತಿಲ್ಲ. ಅವರು ಬಸ್ಸು ಓಡಿಸಿ ಮಧ್ಯಾಹ್ನ ಬಂದು ಉಣ್ಣುತ್ತಾರೆ. ನಾನು ಮುಂದಿನ ಕೋಣೆಯಲ್ಲಿ ಇಸ್ತ್ರಿ ತಿಕ್ಕುತ್ತಿರುತ್ತೇನೆ. ತಟ್ಟೆ ತೊಳೆದಿಟ್ಟ ಸದ್ದು ಕೇಳಿದರೆ ಹೋದರು ಎಂದು ಲೆಕ್ಕ.

ತಪ್ಪು ಅವರದ್ದೇ. ದಿನವೂ ಮಲಗುವ ಮುಂಚೆ ಹಿತ್ತಲಿಗೆ ಹೋಗುವವರು ಅವರು.

ಮಾರ್ಚ್ 8

ಆಸ್ಪತ್ರೆಗೆ ಹೋಗಿದ್ದೆ. ಭಾವ ಆಗಲೇ ಹಾಸಿಗೆಯ ಆ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ನಾನು ಈ ಪಕ್ಕ.

"ಲೋ, ಹೆಡ್‌ಮಿಸ್ಸು ಹೇಗಿದಾಳೋ?" ಅಕ್ಕನ ಮೊದಲ ಪ್ರಶ್ನೆ. ಹೆಡ್‌ಮಿಸ್ಸು ಎಂದರೆ ಎಲ್ಲ ಕೋಳಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಮುದಿ ಕೋಳಿ.

"ಜೋರಾಗಿದಾಳೆ. ನಿನ್ನೆ ಭಾವನ ಚಪ್ಪಲಿ ಕುಕ್ಕಿ ಹಾಕಿದ್ಲು."

"ಹೊಸ ಚಪ್ಪಲಿ ಬೇರೆ" ಎಂದರು ಭಾವ. ನನ್ನ ಮುಖ ನೋಡಲಿಲ್ಲ.

ಅಕ್ಕ ಸೊಂಟ ಹಿಡಿದುಕೊಂಡು ನಕ್ಕಳು. "ನಗಿಸ್ಬೇಡ್ರೋ, ಹೊಲಿಗೆ ಹಾಕಿದಾರೆ."

ಸತ್ತ ಕೋಳಿಯ ಮೇಲೆ ನಾವಿಬ್ಬರೂ ಸೇರಿ ಕಥೆ ಕಟ್ಟಿದೆವು. ಹೊರಗೆ ಬಂದ ಮೇಲೆ ಅವರು ಒಂದು ದಾರಿ, ನಾನೊಂದು ದಾರಿ. ನಾಚಿಕೆಯಾಯಿತು, ಅಳುವೂ ಬಂತು.

ಬೇರೆ ಕೋಳಿ ತಂದು ಬಿಡಲು ಆಗುವುದಿಲ್ಲ. ಇವು ಅಮ್ಮ ಸಾಕಿದ್ದ ಕೋಳಿಗಳ ಮರಿಯ ಮರಿಯ ಮರಿಗಳು, ಕತ್ತಿನಲ್ಲಿ ಪುಕ್ಕವಿಲ್ಲದ ಜಾತಿ. ಅಕ್ಕ ಒಂದೊಂದರ ನಡಿಗೆಯನ್ನೂ ಬಲ್ಲಳು. ಮರಿಗಳಾದರೂ ಕೈಯಲ್ಲಿದ್ದರೆ ನಿಜ ಹೇಳಲು ಬಾಯಿ ಬರುತ್ತದೆ. ಇಪ್ಪತ್ತೈದಕ್ಕೆ ಮನೆಗೆ ಕಳಿಸುತ್ತಾರಂತೆ. ಮರಿ ಒಡೆಯಬೇಕಾದ್ದು ಇಪ್ಪತ್ಮೂರಕ್ಕೆ.

ಮಾರ್ಚ್ 9, ಸಂಜೆ

ಟಾರ್ಚಿಗೆ ಹಿಡಿದು ನೋಡಿದೆ. ಒಂಬತ್ತರಲ್ಲಿ ಕೆಂಪು ದಾರದ ಎಳೆಗಳು, ನಡುವೆ ಒಂದು ಚುಕ್ಕೆ ಮಿಸುಕುತ್ತದೆ! ಎರಡು ಖಾಲಿ. ತೆಗೆದಿಟ್ಟೆ.

ಆದರೆ ಮೀಟರಿಗೆ ತಲೆ ಕೆಟ್ಟಿದೆ. ಅರವತ್ಮೂರು ತೋರಿಸುತ್ತಿದೆ. ಹಾಕುತ್ತಿರುವುದು ಎಡಕ್ಕೆ ಮೂರೇ ಚಮಚ, ಅರವತ್ಮೂರು ಹೇಗೆ ಬರುತ್ತದೆ? ಮುಚ್ಚಳದ ಗಾಳಿಕಿಂಡಿಗೆ ಹಿಂಗೈ ಹಿಡಿದೆ. ಒಣ. ಇಪ್ಪತ್ತೆಂಟು ವರ್ಷ ಬಟ್ಟೆಯ ತೇವ ನೋಡಿದ ಕೈ ಇದು. ಅಂಗಿ ಮುಟ್ಟಿದರೆ ಸಾಕು, ಎಷ್ಟು ನೀರು ಚಿಮುಕಿಸಬೇಕು ಅಂತ ಗೊತ್ತಾಗುತ್ತದೆ. ಒಣಗಿದ್ದಕ್ಕೆ ಇಸ್ತ್ರಿ ಇಟ್ಟರೆ ಸುಟ್ಟು ಹೋಗುತ್ತದೆ. ಇವಕ್ಕೂ ಹಾಗೇ ಆದರೆ?

ಉಪ್ಪಿನ ಪರೀಕ್ಷೆ ಮಾಡಿ ಎಂದಿದ್ದರು ಮೇಷ್ಟ್ರು. ಒದ್ದೆ ಉಪ್ಪಿನ ಜೊತೆ ಮೀಟರನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎಪ್ಪತ್ತೈದು ತೋರಿಸಬೇಕಂತೆ. ಯಾರಿಗೆ ಪುರುಸೊತ್ತು. ಮುಚ್ಚಳದ ಕಿಟಕಿ ಗಾಜಿನ ಮೇಲೆ, ಮೀಟರು ಕಾಣುವ ಕಡೆ, ಟೇಪು ಅಂಟಿಸಿದೆ. ಇನ್ನು ನಾಲ್ಕು ಚಮಚ.

ಮಾರ್ಚ್ 16

ಒಂದು ಹೋಯಿತು, ಒಳಗೆ ರಕ್ತದ ಉಂಗುರ. ಎಂಟು ಉಳಿದಿವೆ. ಉಳಿದವು ತುಂಬಿಕೊಂಡು ಕಪ್ಪಾಗಿವೆ. ಮೇಲಿನ ಗಾಳಿಯ ಜಾಗ ಉಗುರಿನಷ್ಟೇ. ಅಷ್ಟು ದೊಡ್ಡದಾಗಿವೆ ಮರಿಗಳು!

ಇಸ್ತ್ರಿ ತಿಕ್ಕುತ್ತ ಗುನುಗಿದೆನಂತೆ. ಬಟ್ಟೆ ಕೊಡಲು ಬಂದ ನರ್ಸಮ್ಮ ಕೇಳಿದರು, "ಏನ್ರೀ, ಮದುವೆ ಗೊತ್ತಾಯ್ತಾ?" ಈ ಐವತ್ತೊಂದಕ್ಕೆ!

ಭಾವನಿಗೂ ಹೇಳಬೇಕೆನಿಸಿತು. ಬಾಗಿಲವರೆಗೆ ಹೋದೆ. ಅವರು ಬೆನ್ನು ಹಾಕಿ ಕೂತಿದ್ದರು. ವಾಪಸು ಬಂದೆ.

ಮಾರ್ಚ್ 20, ಬೆಳಿಗ್ಗೆ 8

ಹದಿನೆಂಟನೆಯ ದಿನ. ಇಂದಿನಿಂದ ತಿರುಗಿಸುವುದಿಲ್ಲ. ಕೊನೆಗೊಮ್ಮೆ ನೋಡಿ ಹೋಗಲಿ ಎಂದು ಮೇಷ್ಟ್ರನ್ನು ಕರೆದಿದ್ದೆ. ಅವರು ಟಾರ್ಚು ಹಿಡಿದು ಒಂದೊಂದೇ ಮೊಟ್ಟೆ ನೋಡಿದರು.

"ಗಾಳಿ ಜಾಗ ಇಷ್ಟೇನಾ?"

"ಮರಿ ದೊಡ್ಡದಾಗಿದೆ ಮೇಷ್ಟ್ರೇ."

"ಮರಿಯಲ್ಲ, ನೀರು. ಇಷ್ಟೊತ್ತಿಗೆ ಮೊಟ್ಟೆಯ ನೀರು ಆವಿಯಾಗಿ ಮೂರರಲ್ಲೊಂದು ಭಾಗ ಖಾಲಿ ಇರ್ಬೇಕಿತ್ತು. ಮರಿ ಮೊದಲ ಉಸಿರು ತಗೊಳೋದೇ ಆ ಗಾಳಿಯಿಂದ. ಇಲ್ದಿದ್ರೆ ಒಳಗೇ ಮುಳುಗುತ್ತೆ."

ಟೇಪು ಕಿತ್ತರು. ಅರವತ್ತೆಂಟು.

"ಎಷ್ಟು ದಿನದಿಂದ ಮುಚ್ಚಿದೀರಿ?"

ಹೇಳಿದೆ. ಮೀಟರೇ ಸರಿಯಿಲ್ಲ, ನನ್ನ ಕೈ ಹೇಳುತ್ತದೆ ಎಂದೆ. ಬಿಸಿ ಗಾಳಿ ಕೈಗೆ ಯಾವಾಗಲೂ ಒಣಗಿದ ಹಾಗೇ ಅನಿಸುತ್ತದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೀಟರನ್ನು ಉಪ್ಪಿನ ಜೊತೆ ಡಬ್ಬಿಗೆ ಹಾಕಿ ಹೋದರು.

ಮಾರ್ಚ್ 20, ಮಧ್ಯಾಹ್ನ 3

ಡಬ್ಬಿ ತೆಗೆದೆ. ಎಪ್ಪತ್ತೈದು, ಒಂದು ಕೂದಲೂ ಆಚೀಚೆ ಇಲ್ಲ. ಇಷ್ಟು ದಿನವೂ ಮೀಟರು ನಿಜವನ್ನೇ ಹೇಳುತ್ತಿತ್ತು.

ಹಾಗಾದರೆ ಅಷ್ಟು ನೀರು ಎಲ್ಲಿಂದ ಬಂತು ಎಂದು ಒಳಕೋಣೆಗೆ ಹೋದರೆ... ಭಾವ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಲೋಟ. ಬಲದ ತೂತಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು, ಮಗುವಿಗೆ ಔಷಧಿ ಕುಡಿಸುವ ಹಾಗೆ.

"ಏನ್ ಮಾಡ್ತಿದೀರಿ ಭಾವ?" ಮೂರು ವಾರದ ಮೇಲೆ ಅವರೊಡನೆ ನಾನಾಡಿದ ಮೊದಲ ಮಾತು.

"ನೀರು. ದಿನಾ ಹಾಕ್ತೀನಿ, ಊಟಕ್ಕೆ ಬಂದಾಗ. ನೀನು ಈ ಕಡೆ ಹಾಕ್ತಾನೇ ಇರ್ಲಿಲ್ಲ. ಮರ್ತಿದೀಯ ಅಂದ್ಕೊಂಡೆ."

"ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ನಾವು ಮಾತಾಡ್ತಿರ್ಲಿಲ್ವಲ್ಲ."

ನನಗೆ ನಗು ಬಂತು. ಕೆಟ್ಟ ನಗು. ಆಮೇಲೆ ಎಲ್ಲ ಹೇಳಿದೆ — ಎಡ, ಬಲ, ಟೇಪು, ಮುಳುಗುವುದು. ಅವರು ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತಿದ್ದರು.

"ಈಗ ಒಣಗಿಸಿದ್ರೆ?"

"ಹದಿನೆಂಟು ದಿನದ ನೀರು ಮೂರು ದಿನದಲ್ಲಿ ಹೋಗಲ್ವಂತೆ. ಒಣಗಿಸಿದ್ರೆ ಒಳಪೊರೆ ಮರಿಗೆ ಅಂಟ್ಕೊಳ್ಳುತ್ತೆ. ಹಾಗೂ ಸಾವು, ಹೀಗೂ ಸಾವು."

ಮೀಟರನ್ನು ಒಳಗಿಟ್ಟು ಮುಚ್ಚಳ ಹಾಕಿದೆ. ಇನ್ನು ಮುಟ್ಟುವ ಹಾಗಿಲ್ಲ.

ಮಾರ್ಚ್ 23, ಸಂಜೆ 5

ಮಧ್ಯಾಹ್ನ ನಾಲ್ಕನೇ ನಂಬರಿನ ಮೊಟ್ಟೆ ಬಿರಿಯಿತು. ಸಾಸಿವೆಯಷ್ಟು ತೂತು, ಒಳಗಿಂದ ಚಿಂವ್ ಚಿಂವ್. ಭಾವ ಡ್ಯೂಟಿಗೆ ರಜೆ ಹಾಕಿದ್ದಾರೆ. ಇಬ್ಬರೂ ಪೆಟ್ಟಿಗೆಯ ಆಚೀಚೆ ನೆಲದಲ್ಲಿ.

"ಒಂದು ಬಂದ್ರೂ ಸಾಕು ಕಣೋ" ಎಂದರು.

ತೂತಿನಿಂದ ನೀರು ಜಿನುಗಿತು. ಚಿಪ್ಪಿನ ಮೇಲೆ ಇಳಿದು ಜಾಲರಿಗೆ ಬಿತ್ತು. ನಾವಿಬ್ಬರೂ ನೋಡಿದೆವು. ಚಿಂವ್ ಎನ್ನುವುದು ಇನ್ನೂ ಕೇಳುತ್ತಿದೆ. ಸ್ವಲ್ಪ ಗೊರಗೊರ.

ಮಾರ್ಚ್ 24

ಬೆಳಿಗ್ಗೆ ಆರಕ್ಕೆ ಸದ್ದಿಲ್ಲ.

ಸಂಜೆವರೆಗೆ ಕಾದೆವು. ಆಮೇಲೆ ಒಂದೊಂದಾಗಿ ಒಡೆದು ನೋಡಿದೆ. ಎಂಟೂ ಪೂರ್ತಿ ಬೆಳೆದಿದ್ದವು. ಕೊಕ್ಕು, ಉಗುರು, ಅಮ್ಮನ ಕೋಳಿಗಳ ಅದೇ ಬೋಳು ಕತ್ತು. ತೊಪ್ಪೆಯಾಗಿ ನೆನೆದಿದ್ದವು. ಹಿಂಡದ ಬಟ್ಟೆ ಹಾಗಿರುತ್ತದೆ.

ಭಾವ ಗೂಡಿನ ಪಕ್ಕ ಗುಂಡಿ ತೋಡಿದರು. ಮಣ್ಣು ಮುಚ್ಚಿದ ಮೇಲೆ ಹೋಗಿ ಖಾಲಿ ಗೂಡಿನ ಚಿಲಕ ಹಾಕಿ ಬಂದರು. ಯಾತಕ್ಕೋ.

ಮಾರ್ಚ್ 25, ಮಧ್ಯಾಹ್ನ 4

ಅಕ್ಕ ಬಂದಳು. ವಾಕರ್ ಹಿಡಿದು ಟಕ್ ಟಕ್ ಎಂದು ನೇರ ಹಿತ್ತಲಿಗೆ. ಕೂತ್ಕೋ ಎಂದರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಳು.

"ಏನ್ರೋ ಇದು, ಇಷ್ಟು ನಿಶ್ಶಬ್ದ?"

ಗೂಡು ನೋಡಿದಳು. ನಮ್ಮಿಬ್ಬರನ್ನು ನೋಡಿದಳು. ಕೇಳುವುದು ಬೇಕಾಗಲಿಲ್ಲ. ಅವಳ ಮುಖ ಮುದುಡಿದ್ದನ್ನು ನಾನು ಕಂಡೆ.

"ನಾಯಿ" ಎಂದರು ಭಾವ. "ನೀನು ಆಸ್ಪತ್ರೆ ಸೇರಿದ ವಾರಾನೇ. ಚಿಲಕ ಹಾಕಿರ್ಲಿಲ್ಲ. ನಂದೇ ತಪ್ಪು."

"ನೀವಾ?"

"ಹೂಂ. ದಿನಾ ಹಾಕ್ತಿದ್ದೋನು ನಾನೇ ಅಲ್ವಾ. ಅವತ್ತು ನೋಡದೇ ಮಲಗಿಬಿಟ್ಟೆ."

ಅಕ್ಕ ವಾಕರ್ ತಿರುಗಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಎರಡು ಗಂಟೆ ಹೊತ್ತಾಯಿತು. ಅಕ್ಕ ಬಾಗಿಲು ತೆಗೆದಿಲ್ಲ.

ನಾನು ಬಾಯಿ ಬಿಡಲಿಲ್ಲ. ಅಲ್ಲೇ ನಿಂತಿದ್ದೆ. ಇಲ್ಲಾದರೂ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಅವತ್ತು ಸಂಜೆ ಗೂಡಿಗೆ ಕೊನೆಗೆ ಹೋದದ್ದು ನಾನು. ಆ ಎರಡು ಮೊಟ್ಟೆ ತಂದದ್ದು ನಾನು. ಒಂದೊಂದು ಕೈಯಲ್ಲಿ ಒಂದೊಂದು. ಬೆಚ್ಚಗಿದ್ದವು. ಕಾಲಿನಿಂದ ಬಾಗಿಲು ದೂಡಿದೆ. ಇವನ್ನು ಒಳಗಿಟ್ಟು ಬಂದು ಚಿಲಕ ಹಾಕಿದರಾಯಿತು ಅಂದುಕೊಂಡೆ. ಮತ್ತೆ ಹೋಗಲಿಲ್ಲ.